ದಾರ ಕಟ್ಟಿದ ಪ್ಯಾದೆ

ಈಗಿನ ಕಾಲದಲ್ಲಿ ಎಂಥ ಗ್ರ್ಯಾಂಡ್‌ಮಾಸ್ಟರ್ ಬಂದರೂ ಚೆಸ್ ಆಡುವ ಕಂಪ್ಯೂಟರನ್ನು ಸೋಲಿಸಲಾರ ಅಂತ ನನ್ನ ಮೊಮ್ಮಗಳು ಹೇಳುತ್ತಾಳೆ. ಅವರನ್ನೆಲ್ಲ ಅಡ್ಡ ಮಲಗಿಸಲಿಕ್ಕೆ ಕೈಯಲ್ಲಿರುವ ಮೊಬೈಲೇ ಸಾಕಂತೆ. ಇರಬಹುದು. ನಾನಂತೂ ಅಂಥ ಒಂದು ಯಂತ್ರವನ್ನು ಸೋಲಿಸಿದ್ದೇನೆ. ಹೀಗೆ ಅಂದರೆ ಮನೆಯಲ್ಲಿ ಎಲ್ಲರಿಗೂ ನಗು, ಅಜ್ಜಿಗೆ ಅರಳು ಮರಳು ಅಂತ. ನಗಲಿ ಬಿಡಿ, ಹಲ್ಲಿದ್ದವರು ನಗುತ್ತಾರೆ. ನಾನು ಹೇಳುವುದನ್ನು ಹೇಳಿಯೇ ತೀರುತ್ತೇನೆ.

ಎಂಬತ್ತರ ದಶಕದ ಮಾತು. ಮುಂಡಗೋಡದಿಂದ ಮದುವೆಯಾಗಿ ದಾಂಡೇಲಿಗೆ ಬಂದಿದ್ದೆ. ನಮ್ಮವರು ಕಾಗದದ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದರು. ಮಾವ ಅದೇ ಮಿಲ್ಲಿನಿಂದ ನಿವೃತ್ತರಾಗಿ ಮನೆಯಲ್ಲಿದ್ದರು. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮೊದಲ ಕೆಲವು ದಿನ ಊರ ಮೇಲೆ ಕವಿದಿರುತ್ತಿದ್ದ ಮಿಲ್ಲಿನ ವಾಸನೆಗೆ ನನಗೆ ಊಟವೇ ಸೇರಲಿಲ್ಲ. ಆಮೇಲೆ ತವರಿಗೆ ಹೋದಾಗ ಅಲ್ಲಿಯ ಗಾಳಿಯಲ್ಲೇ ಏನೋ ಕಡಿಮೆಯಾಗಿದೆ ಅನ್ನಿಸತೊಡಗಿತು. ಮನುಷ್ಯನ ಮೂಗಿಗೆ ಮಾನ ಅನ್ನುವುದೇ ಇಲ್ಲ.

ಮಾವನಿಗೆ ಇದ್ದದ್ದು ಒಂದೇ ಚಟ, ಬುದ್ಧಿಬಳ. ಪುಸ್ತಕದವರು ಚದುರಂಗ ಅನ್ನುತ್ತಾರೆ, ಮಿಲ್ಲಿನ ಸಾಹೇಬರು ಚೆಸ್ ಅನ್ನುತ್ತಿದ್ದರು, ನಮ್ಮ ಕಡೆ ಬುದ್ಧಿಬಳ. ನನಗೂ ಅದು ಬರುತ್ತಿತ್ತು, ಅಪ್ಪ ಕಲಿಸಿದ್ದ. ಹೆಣ್ಣು ನೋಡಲು ಬಂದಾಗ ಈ ವಿಷಯ ಯಾರೂ ಬಾಯಿ ಬಿಟ್ಟಿರಲಿಲ್ಲ. ಹುಡುಗಿಗೆ ಹೋಳಿಗೆ ಬರುತ್ತದೆ, ಕಸೂತಿ ಬರುತ್ತದೆ ಅಂತ ಹೇಳಿದ್ದರು. ಎರಡೂ ಸುಳ್ಳು.

ಒಂದು ಮಧ್ಯಾಹ್ನ ಮಾವ ತಮ್ಮ ಹಳೆಯ ಜೊತೆಗಾರರೊಬ್ಬರ ಜೊತೆ ಪಡಸಾಲೆಯಲ್ಲಿ ಆಡುತ್ತಿದ್ದರು. ನಾನು ಚಹಾ ತಂದಿಟ್ಟವಳು, ಸುಮ್ಮನೆ ಒಳಗೆ ಹೋಗಬೇಕೋ ಬೇಡವೋ? ನನ್ನ ಬಾಯಿಗೆ ಬೀಗ ಇಲ್ಲ. ಮಾವಾರ, ನಿಮ್ಮ ಒಂಟೆ ಹೋಯಿತು ಅಂದುಬಿಟ್ಟೆ. ಜೊತೆಗಾರರು ಆ ಒಂಟೆಯನ್ನು ಅಲ್ಲಿಯವರೆಗೆ ನೋಡಿರಲಿಲ್ಲ. ನಾನು ಹೇಳಿದ ಮೇಲೆ ನೋಡಿದರು, ಹೊಡೆದರು. ಮಾವ ನನ್ನನ್ನು ದುರುದುರು ನೋಡಿದರು. ಸತ್ತೆ ಅಂದುಕೊಂಡೆ. ಮರುದಿನ ಊಟವಾದ ಮೇಲೆ ಮಾವ ಬಟ್ಟೆಯ ಹಾಸನ್ನು ಬಿಡಿಸಿ, ಕಾಯಿ ಹೂಡಿ, ನನ್ನನ್ನು ಕರೆದರು. ಬಾಯಿ ಇದ್ದವರಿಗೆ ಕೈ ಎಷ್ಟಿದೆ ನೋಡೋಣ ಅಂದರು.

ಅಂದಿನಿಂದ ದಿನಾ ನಮ್ಮ ಆಟ. ಮಾವನದು ಹಳೆಯ ಪದ್ಧತಿ. ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯಬೇಕು. ರಾಜನಿಗೆ ಶಹ ಬೀಳುವ ಮುಂಚೆ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕಿದೆ. ಇವೆಲ್ಲಕ್ಕಿಂತ ದೊಡ್ಡದು ದಾರದ ಕಟ್ಟಳೆ. ಆಟ ಶುರುವಾಗುವ ಮೊದಲು ಮಾವ ತಮ್ಮ ಪ್ಯಾದೆಗಳಲ್ಲಿ ಒಂದಕ್ಕೆ ಕೆಂಪು ದಾರ ಕಟ್ಟಿ ಇಡುವರು. ಎದುರಿನ ರಾಜನನ್ನು ಕಟ್ಟಿಹಾಕಿ ಮಾತ್ ಕೊಡುವುದಾದರೆ ಆ ಪ್ಯಾದೆಯಿಂದಲೇ. ವಜೀರನಿಂದ, ಆನೆಯಿಂದ ಮಾತ್ ಕೊಡುವುದು ಅವರ ಲೆಕ್ಕದಲ್ಲಿ ದೊಣ್ಣೆ ಹಿಡಿದು ಸೊಳ್ಳೆ ಹೊಡೆದ ಹಾಗೆ. ಗೆಲುವು ಎದುರಿಗೇ ಕೂತಿದ್ದರೂ ಅದನ್ನು ಬಿಟ್ಟು, ದಾರದ ಪ್ಯಾದೆಯನ್ನು ಒಂದೊಂದೇ ಮನೆ ದೂಡುತ್ತ ಹೋಗುವರು. ಎಷ್ಟೋ ಸಲ ಹಾಗೇ ಸೋತಿದ್ದಾರೆ. ಸೋತರೂ ಮೀಸೆ ಮಣ್ಣಾಗಿಲ್ಲ ಅನ್ನುವ ಗತ್ತು. ಅವರ ಅಪ್ಪ, ಅಜ್ಜ ಎಲ್ಲ ಹಾಗೇ ಆಡಿದ್ದಂತೆ.

ನಮ್ಮ ಮನೆಯ ಎದುರಿಗೇ ಓಣಿಯವರ ಸಂಘವಿತ್ತು. ಓಣಿಯವರೇ ಪಟ್ಟಿ ಹಾಕಿ ದುಡ್ಡು ಕೂಡಿಸಿ ಕಟ್ಟಿಕೊಂಡಿದ್ದು, ಮಿಲ್ಲಿಗೂ ಅದಕ್ಕೂ ಸಂಬಂಧವಿಲ್ಲ. ಒಂದು ದೊಡ್ಡ ಹಾಲ್, ನಾಲ್ಕು ಬುದ್ಧಿಬಳದ ಹಲಗೆ, ಕೇರಂ ಬೋರ್ಡು, ರೇಡಿಯೋ, ಪೇಪರು. ಸಂಜೆಯಾದರೆ ಗಂಡಸರೆಲ್ಲ ಅಲ್ಲಿಯೇ. ಹೆಂಗಸರು ಬರಬಾರದು ಅಂತ ಎಲ್ಲಿಯೂ ಬರೆದಿರಲಿಲ್ಲ, ಬಂದವರೂ ಇರಲಿಲ್ಲ. ನಮ್ಮ ಕಟ್ಟೆಯ ಮೇಲೆ ನಿಂತರೆ ಕಿಟಕಿಯಲ್ಲಿ ಆಡುವವರ ಬೆನ್ನು ಕಾಣುತ್ತಿತ್ತು, ಹಲಗೆ ಕಾಣುತ್ತಿರಲಿಲ್ಲ. ಯಾರೋ ಶಹ ಅನ್ನುವರು, ಯಾರೋ ಹೋ ಅನ್ನುವರು, ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಇಲ್ಲಿ ಹೊಟ್ಟೆ ಉರಿದುಕೊಳ್ಳುವೆ. ಮಾವನ ಆಟವೆಲ್ಲ ನನಗೆ ಗೊತ್ತಾಗಿಹೋಗಿತ್ತು, ನನ್ನದು ಅವರಿಗೆ. ಇದ್ದ ಒಬ್ಬರ ಜೊತೆಯೇ ಆಡುವುದೆಂದರೆ ದಿನಾ ಅದೇ ಸಾರು ಉಂಡ ಹಾಗೆ. ನನಗೆ ಬೇರೆಯವರ ಎದುರು ಕೂತು ಆಡಬೇಕಿತ್ತು. ಆ ಹಾಲಿನಲ್ಲಿ, ಮುಂದಿನ ಬಾಗಿಲಿನಿಂದ ಹೋಗಿ, ಕುರ್ಚಿ ಎಳೆದುಕೊಂಡು ಕೂತು ಆಡಬೇಕಿತ್ತು. ನನಗೆ ಆಗ ಬೇಕಿದ್ದದ್ದು ಬಂಗಾರವಲ್ಲ, ಸೀರೆಯಲ್ಲ, ಇಷ್ಟೇ.

ಒಮ್ಮೆ ಸಂಘದ ಅಧ್ಯಕ್ಷರನ್ನೇ ಕೇಳಿದ್ದೆ. ಅವರು ಮಿಲ್ಲಿನಲ್ಲಿ ಇಂಜಿನಿಯರು, ಒಳ್ಳೆಯ ಮನುಷ್ಯ, ಯಾರ ಮನೆಯಲ್ಲಿ ಏನಾದರೂ ಮೊದಲು ಓಡಿ ಬರುವವರು. ಅವರು ನಕ್ಕು, ಹೆಣ್ಣುಮಕ್ಕಳು ಬಂದು ಕೂತರೆ ಗಂಡಸರಿಗೆ ಮನಸ್ಸು ಬಿಚ್ಚಿ ಮಾತಾಡಲು ಸಂಕೋಚವಾಗುತ್ತದೆ ಅಂದರು. ಹಾಗಿದ್ದರೆ ಅವರು ನೆಟ್ಟಗೆ ಮಾತಾಡುವುದನ್ನು ಕಲಿಯಲಿ ಅಂದೆ. ಅವರು ಅದಕ್ಕೂ ನಕ್ಕರು. ನಗುವವರ ಜೊತೆ ಜಗಳ ಆಡುವುದು ಹೆಂಗೆ?

ನನ್ನಷ್ಟೇ ಹೊಟ್ಟೆ ಉರಿ ಇದ್ದವಳು ಇನ್ನೊಬ್ಬಳಿದ್ದಳು, ಪಕ್ಕದ ಮನೆಯ ಅಕ್ಕ. ಸಿದ್ದಿ ಜನದವಳು, ಹಳಿಯಾಳ ಕಡೆಯ ಹಳ್ಳಿಯಿಂದ ಬಂದವಳು. ಗಂಡ ಹೆಂಡತಿ ಇಬ್ಬರೂ ಬಿದಿರಿನ ಲಾರಿ ಇಳಿಸುವ ಕೆಲಸಕ್ಕೆ ಹೋಗುತ್ತಿದ್ದರು. ರವಿವಾರ ಇಗರ್ಜಿಗೆ ಹೋಗಿ ಬಂದವಳು ನೇರ ನಮ್ಮ ಕಟ್ಟೆಗೆ ಬರುವಳು. ಮಕ್ಕಳ ಜೊತೆ ಕೊಂಕಣಿ, ನಮ್ಮ ಜೊತೆ ಕನ್ನಡ. ಹುಲಿ-ಕುರಿ ಆಟದಲ್ಲಿ ಅವಳನ್ನು ಮೀರಿಸುವವರಿಲ್ಲ. ನೆಲದ ಮೇಲೆ ಇದ್ದಿಲಿನಿಂದ ಗೆರೆ ಎಳೆದು ಎಷ್ಟು ಸಲ ನನ್ನ ಹುಲಿಗಳನ್ನು ಕಟ್ಟಿಹಾಕಿದ್ದಾಳೋ. ಅವಳಿಗೂ ಬುದ್ಧಿಬಳ ಕಲಿಯುವ ಆಸೆ. ಆದರೆ ಮಾವನ ಕಾಯಿಗಳನ್ನು ಕಲಿಯುವವರು ಮುಟ್ಟುವ ಹಾಗಿರಲಿಲ್ಲ. ಮಾವ ಸಮಾನರ ಜೊತೆ ಮಾತ್ರ ಆಡುವವರು, ಕಲಿಸುವ ತಾಳ್ಮೆ ಅವರ ಜಾತಕದಲ್ಲೇ ಇರಲಿಲ್ಲ.

ಹೀಗಿರುವಾಗ ಅಧ್ಯಕ್ಷರನ್ನು ಮಿಲ್ಲಿನವರು ಯಾವುದೋ ಯಂತ್ರದ ತರಬೇತಿಗೆಂದು ಪರದೇಶಕ್ಕೆ ಕಳಿಸಿದರು. ಬರುವಾಗ ಅವರು ಚೆಸ್ ಆಡುವ ಯಂತ್ರವೊಂದನ್ನು ತಂದರು. ನೋಡಲು ಒಂದು ಹಲಗೆ ಅಷ್ಟೇ, ಸ್ವಲ್ಪ ದಪ್ಪ, ಅಂಚಿನಲ್ಲಿ ಸಾಲಾಗಿ ಪುಟ್ಟ ಕೆಂಪು ದೀಪ. ನಾವು ಕಾಯಿಯನ್ನು ಅದರ ಮನೆಯ ಮೇಲೆ ಒತ್ತಿ, ಹೋಗುವ ಮನೆಯ ಮೇಲೆ ಇನ್ನೊಮ್ಮೆ ಒತ್ತಬೇಕು. ಅದು ಯೋಚಿಸಿ, ತನ್ನ ಯಾವ ಕಾಯಿ ಎಲ್ಲಿಗೆ ಅಂತ ದೀಪ ಹೊತ್ತಿಸಿ ತೋರಿಸುತ್ತದೆ. ಅದರ ಕಾಯಿಯನ್ನೂ ನಾವೇ ನಡೆಸಬೇಕು. ಕೈಯಿಲ್ಲದ ಎದುರಾಳಿ.

ದಾಂಡೇಲಿಯ ಗಂಡಸರೆಲ್ಲ ಒಬ್ಬರಾದ ಮೇಲೆ ಒಬ್ಬರು ಅದರ ಎದುರು ಕೂತು ಸೋತರು. ಮುಖ್ಯ ಕಾರಣ, ಎಲ್ಲರೂ ನಮ್ಮ ಹಳೆಯ ಪದ್ಧತಿಯವರು, ಯಂತ್ರದ್ದು ಹೊಸದು. ಕೊನೆಗೆ ಮಾವನನ್ನು ಕೂರಿಸಿದರು. ಆ ಆಟವನ್ನು ನಾನು ನೋಡಲಿಲ್ಲ, ನಮ್ಮವರು ನೋಡಿ ಬಂದು ಹೇಳಿದ್ದು. ಯಂತ್ರ ಒಂದೇ ಸರದಿಯಲ್ಲಿ ರಾಜನನ್ನೂ ಆನೆಯನ್ನೂ ನಡೆಸಿ ರಾಜನಿಗೆ ಕೋಟೆ ಕಟ್ಟಿತು. ಒಂದು ಸರದಿಗೆ ಒಂದು ಕಾಯಿ, ಇದು ಕಳ್ಳತನ ಅಂತ ಮಾವ ಎದ್ದರು. ಅಧ್ಯಕ್ಷರು ಸಮಾಧಾನ ಹೇಳಿ, ಜಗತ್ತಿನಲ್ಲೆಲ್ಲ ಹೀಗೇ ಆಡುತ್ತಾರೆ ಅಂತ ಕೂರಿಸಿದರು. ಆಮೇಲೆ ಮಾವ ತಮ್ಮ ರಾಜನನ್ನು ಕುದುರೆಯ ಹಾಗೆ ಜಿಗಿಸಿದರು. ಯಂತ್ರ ಗುರ್ ಅಂತ ಸದ್ದು ಮಾಡಿ ಒಪ್ಪಲಿಲ್ಲ. ಮಾವ ಮತ್ತೆ ಒತ್ತಿದರು, ಮತ್ತೆ ಗುರ್. ಬೆರಳು ನೋಯುವಷ್ಟು ಜೋರಾಗಿ ಒತ್ತಿದರಂತೆ.

“ಅದರ ರಾಜಾ ಆನೀನ ಕಟ್ಟಿಗೊಂಡು ಮನೀ ಬದಲ ಮಾಡಬಹುದು,” ಅಂದರಂತೆ ಮಾವ, “ನಮ್ಮ ರಾಜಾ ಒಂದ ಸಲ ಜಿಗಿಯೂ ಹಂಗಿಲ್ಲೇನು? ಈ ಕಳ್ಳನ ಮುಂದ ನಾ ಇನ್ನ ಕೂಡೂದಿಲ್ಲ.”

ಹಾಲಿನ ತುಂಬ ನಗು. ಆ ಉತ್ಸಾಹದಲ್ಲಿ ಅಧ್ಯಕ್ಷರು ಭಾಷಣವನ್ನೇ ಮಾಡಿದರಂತೆ. ಪರದೇಶದಲ್ಲಿ ಇಂಥ ಯಂತ್ರಗಳನ್ನು ಗ್ರ್ಯಾಂಡ್‌ಮಾಸ್ಟರುಗಳ ಎದುರು ಹೂಡುತ್ತಿದ್ದಾರೆ, ಇನ್ನೂ ಅವರೇ ಗೆಲ್ಲುತ್ತಿದ್ದಾರೆ, ಆದರೆ ಒಂದು ದಿನ ಯಂತ್ರವೇ ಗೆಲ್ಲುತ್ತದೆ, ನೋಡುತ್ತಿರಿ ಅಂತ. ನಮ್ಮ ಊರಲ್ಲಿ ಇದನ್ನು ಯಾರಾದರೂ ಸೋಲಿಸಲಿ, ಅವರು ಸಂಘದಿಂದ ಏನು ಕೇಳಿದರೂ ಕೊಡುತ್ತೇನೆ ಅಂತ ಎಲ್ಲರ ಎದುರು ಮಾತು ಕೊಟ್ಟರಂತೆ.

ಮಾವ ಅವತ್ತು ರೊಟ್ಟಿ ಮುಟ್ಟಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ನನಗೆ ಅವರ ಮೇಲೆ ಕನಿಕರವೂ ಬಂತು, ಆದರೆ ಸುಳ್ಳು ಯಾಕೆ ಹೇಳಲಿ, ಅದಕ್ಕಿಂತ ಹೆಚ್ಚಾಗಿ ತಲೆಯಲ್ಲಿ ಒಂದೇ ಮಾತು ಗುಂಯ್ ಅನ್ನುತ್ತಿತ್ತು. ‘ಯಾರಾದರೂ’ ಅಂತ ಅಂದಿದ್ದಾರೆ. ‘ಗಂಡಸರು’ ಅಂತ ಅಂದಿಲ್ಲ. ನಮ್ಮವರನ್ನು ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಆಮೇಲೆ ಮಾವನ ಹತ್ತಿರ ಹೋಗಿ, ನಾನು ಆಡುತ್ತೇನೆ, ನೀವು ತಯಾರು ಮಾಡಬೇಕು ಅಂದೆ. ಮಾವ ಗೋಡೆಯಿಂದ ಈ ಕಡೆ ತಿರುಗಿದರು. ಒಂದು ಕರಾರು ಹಾಕಿದರು. ಈ ಮನೆಯ ಹೆಸರಿನಲ್ಲಿ ಆಡುವುದಾದರೆ ದಾರ ಕಟ್ಟಿಯೇ ಆಡಬೇಕು. ನಾನು ಹೂಂ ಅಂದೆ. ಗರಜು ಇದ್ದಾಗ ಮನುಷ್ಯ ಯಾವುದಕ್ಕೆ ಹೂಂ ಅನ್ನುವುದಿಲ್ಲ!

ಇನ್ನು ತಯಾರಿ. ನಮ್ಮವರು ಸಂಘದಲ್ಲಿ ಕೂತು ಹೊಸ ಪದ್ಧತಿಯನ್ನೆಲ್ಲ ಕೇಳಿ ತಿಳಿದುಕೊಂಡು, ಊಟಕ್ಕೆ ಕೂತಾಗ ನಮಗೆ ಹೇಳುವರು. ಪ್ಯಾದೆ ಮೊದಲ ಸಲ ಎರಡು ಮನೆ ಹಾರಬಹುದು. ರಾಜನಿಗೆ ಕೋಟೆ ಕಟ್ಟಬಹುದು. ಮಾವ ಒಂದೊಂದಕ್ಕೂ ಛೀ ಥೂ ಅನ್ನುವರು. ಆದರೂ ನನ್ನ ಎದುರು ಯಾರಾದರೂ ಯಂತ್ರವಾಗಬೇಕಲ್ಲ, ಅದಕ್ಕೆ ಅವರೇ ಯಂತ್ರವಾದರು. ಎರಡು ದಿನ ಮುಖ ಹುಳ್ಳಗೆ ಮಾಡಿಕೊಂಡು ಕೋಟೆ ಕಟ್ಟಿದರು. ಮೂರನೆಯ ದಿನದಿಂದ ಅವರ ಕೈಗೆ ಅದರ ರುಚಿ ಹತ್ತಿತು. ಕಳ್ಳನ ಆಟ ಆಡುತ್ತೇನೆ ನೋಡು ಅಂತ ಮೀಸೆಯಲ್ಲೇ ನಗುತ್ತ ರಾಜನನ್ನು ಆನೆಯ ಹಿಂದೆ ಬಚ್ಚಿಡುವರು. ನಾನು ತಪ್ಪು ನಡೆ ನಡೆದರೆ ಗುರ್ ಅನ್ನುವರು. ಅಂಗಳದಲ್ಲಿ ಕೂತ ಪಕ್ಕದ ಮನೆಯ ಅಕ್ಕ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಗುವಳು. ಅಷ್ಟು ಗಂಭೀರ ಮನುಷ್ಯ ಹಾಗೆ ಗುರ್ ಅನ್ನುವುದನ್ನು ನೋಡುವುದೇ ನನಗೂ ಒಂದು ಹಬ್ಬವಾಗಿತ್ತು. ಆ ದಿನಗಳಲ್ಲಿ ನಾನು ಎಷ್ಟು ಸಂತೋಷವಾಗಿದ್ದೆ ಅಂದರೆ, ಒಲೆಯ ಮೇಲಿನ ಹಾಲು ದಿನಾ ಉಕ್ಕುತ್ತಿತ್ತು, ನಮ್ಮವರು ಏನೂ ಅನ್ನುತ್ತಿರಲಿಲ್ಲ.

ಅಧ್ಯಕ್ಷರಿಗೆ ನಮ್ಮವರೇ ಹೋಗಿ ಹೇಳಿದರು, ನಮ್ಮ ಮನೆಯಿಂದ ಒಬ್ಬರು ಆಡುವವರಿದ್ದಾರೆ ಅಂತ. ಯಾರು ಅಂತ ಗೊತ್ತಾದಾಗ ಅಲ್ಲಿದ್ದ ಕೆಲವರು ಗೊಣಗಿದರು. ಅಧ್ಯಕ್ಷರು ತಲೆ ಕೆರೆದುಕೊಂಡರು, ಆದರೆ ಹಿಂದೆ ಸರಿಯಲಿಲ್ಲ. ‘ಯಾರಾದರೂ’ ಅಂತ ಅಂದಿದ್ದೇನಲ್ಲ, ರವಿವಾರ ಸಂಜೆ ಬರಲಿ ಅಂದರಂತೆ. ಮಾತಿಗೆ ನಿಲ್ಲುವ ಮನುಷ್ಯ ಅಂತ ನಾನು ಆಗಲೇ ಹೇಳಿದ್ದೇನೆ, ಹೇಳಿರದಿದ್ದರೆ ಈಗ ಹೇಳುತ್ತೇನೆ.

ರವಿವಾರ ಮುಂದಿನ ಬಾಗಿಲಿನಿಂದಲೇ ಹೋದೆ. ಗಂಡಸರ ಚಪ್ಪಲಿಗಳ ರಾಶಿಯಲ್ಲಿ ನನ್ನ ಚಪ್ಪಲಿ ಬಿಟ್ಟೆ. ಪಕ್ಕದ ಮನೆಯ ಅಕ್ಕ ಇಗರ್ಜಿಗೆ ಉಟ್ಟ ಸೀರೆಯಲ್ಲೇ ನನ್ನ ಜೊತೆಗೆ ಬಂದಳು. ಒಳಗೆ ಕಾಲಿಡಲು ಜಾಗವಿಲ್ಲದಷ್ಟು ಜನ. ಯಂತ್ರದ ತಂತಿ ಗೋಡೆಯ ಪ್ಲಗ್ಗಿನಲ್ಲಿತ್ತು. ಅಷ್ಟರಲ್ಲಿ ಯಾರೋ, ನಡುವೆ ಕರೆಂಟು ಹೋದರೆ ಇದು ಆಟವನ್ನೆಲ್ಲ ಮರೆತುಬಿಡುತ್ತದೆ ಅಂದರು. ದಾಂಡೇಲಿಯ ಕರೆಂಟನ್ನು ನಂಬುವವರು ಯಾರು? ಸಂಘದ ರೇಡಿಯೋದ ಹೊಟ್ಟೆ ಬಿಚ್ಚಿ ಸೆಲ್ಲು ತೆಗೆದರು, ಅವು ಸಾಲದೆ ಯಾರದೋ ಟಾರ್ಚಿನಿಂದಲೂ ತೆಗೆದು ಯಂತ್ರಕ್ಕೆ ಹಾಕಿದರು. ಅವತ್ತು ನಮ್ಮ ಓಣಿಯಲ್ಲಿ ವಾರ್ತೆ ಕೇಳಿದವರು ಯಾರೂ ಇಲ್ಲ.

ಮಾವ ಜೇಬಿನಿಂದ ಕೆಂಪು ದಾರ ತೆಗೆದು, ನನ್ನ ರಾಜನ ಕಡೆಯ ಕುದುರೆಯ ಮುಂದಿದ್ದ ಪ್ಯಾದೆಗೆ ಕಟ್ಟಿದರು. ಹಾಲಿನಲ್ಲಿ ಗುಸುಗುಸು ಎದ್ದಿತು. ಹಿರಿಯರಿಗೆ ಕಟ್ಟಳೆ ಗೊತ್ತಿತ್ತು, ಹುಡುಗರಿಗೆ ಅವರು ವಿವರಿಸಿದರು. ಯಂತ್ರದ ಎದುರು ದಾರ ಕಟ್ಟಿ ಆಡುವುದೆಂದರೆ ಕೈ ಕಟ್ಟಿಕೊಂಡು ಕಾಳಿ ನದಿ ಈಜಿದ ಹಾಗೆ ಅಂತ ಅಧ್ಯಕ್ಷರೇ ಹೇಳಿದರು. ಮಾವ ಗೋಡೆಗೆ ಒರಗಿದ ಬೆಂಚಿನ ಮೇಲೆ ಹೋಗಿ ಕೂತರು.

ಆಟವನ್ನು ನಡೆ ನಡೆಯಾಗಿ ಹೇಳಿ ಯಾರ ತಲೆಯನ್ನೂ ತಿನ್ನುವುದಿಲ್ಲ. ಮೊದಮೊದಲು ಮನೆ ಸರಿಯಾಗಿ ಒತ್ತದೆ ಎರಡು ಸಲ ಗುರ್ ಅನ್ನಿಸಿಕೊಂಡೆ. ಅಕ್ಕ ಹಿಂದಿನಿಂದ ಕಿಸಕ್ಕನೆ ನಕ್ಕಳು. ಆ ನಗುವಿಗೆ ನನ್ನ ಹೆದರಿಕೆ ಹೋಯಿತು. ಇದೇನು, ನಮ್ಮ ಮಾವನೇ ಅಲ್ಲವೇ ಅನ್ನಿಸಿತು. ಯಂತ್ರ ಕೋಟೆ ಕಟ್ಟಿತು. ಅದು ಕಟ್ಟುತ್ತದೆ ಅಂತ ನನಗೆ ಗೊತ್ತಿತ್ತು, ಆ ಕೋಟೆಯನ್ನು ಒಡೆಯುವುದನ್ನೇ ಮಾವನ ಮೇಲೆ ಅಷ್ಟು ದಿನ ರೂಢಿ ಮಾಡಿದ್ದೆ. ದಾರದ ಪ್ಯಾದೆಯನ್ನು ಮುಂದೆ ಮುಂದೆ ದೂಡಿದೆ. ಯಂತ್ರಕ್ಕೆ ಒಂದು ಕೆಟ್ಟ ಚಾಳಿ ಇತ್ತು, ಕೊಟ್ಟ ಕಾಯಿಯನ್ನು ಬಿಡುತ್ತಿರಲಿಲ್ಲ. ನಾನು ಒಂದು ಕುದುರೆ ಬಿಟ್ಟೆ, ತಿಂದಿತು. ಒಂಟೆ ಬಿಟ್ಟೆ, ಅದನ್ನೂ ತಿಂದಿತು. ಸುತ್ತ ನಿಂತವರು ಚ್ಚ್ ಚ್ಚ್ ಅಂದರು. ಅದು ತಿನ್ನುತ್ತಿರುವಾಗ ನನ್ನ ವಜೀರ ಅದರ ರಾಜನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ.

ಆಗ ಹಲಗೆಯನ್ನು ನೋಡಿದೆ. ಯಂತ್ರದ ರಾಜ ಮೂಲೆಯಲ್ಲಿದ್ದಾನೆ. ನನ್ನ ವಜೀರ ಹೋಗಿ ಅವನ ಎದುರಿನ ಮನೆಯಲ್ಲಿ ನಿಂತರೆ ಮಾತ್. ಅವನಿಗೆ ಸರಿಯಲು ಜಾಗವಿಲ್ಲ, ವಜೀರನನ್ನು ಹೊಡೆಯುವ ಹಾಗೂ ಇಲ್ಲ. ಒಂದೇ ನಡೆ. ಆದರೆ ದಾರದ ಪ್ಯಾದೆಯಿಂದ ಮಾತ್ ಕೊಡಬೇಕಾದರೆ ಮೊದಲು ಆನೆಯನ್ನು ತರಬೇಕು, ಆಮೇಲೆ ಪ್ಯಾದೆಯನ್ನು ದೂಡಬೇಕು. ಅಷ್ಟರಲ್ಲಿ ಯಂತ್ರದ ಆನೆ ಕೆಳಗಿಳಿದು ನನ್ನ ರಾಜನಿಗೇ ಶಹ ಕೊಡುತ್ತದೆ. ಅಲ್ಲಿಂದ ಮುಂದೆ ಏನಾಗುವುದೋ ನನಗೆ ಕಾಣುತ್ತಿರಲಿಲ್ಲ. ಎರಡು ಕಾಯಿ ಮೊದಲೇ ಕಳೆದುಕೊಂಡಿದ್ದೆ.

ಸುತ್ತಲಿನವರಿಗೂ ಕಂಡಿತು. ವಜೀರ, ವಜೀರ ಅಂತ ಪಿಸುಗುಟ್ಟತೊಡಗಿದರು. ಅಧ್ಯಕ್ಷರು ಸುಮ್ಮನಿರಿ ಅಂತ ಗದರಿದರು. ನಾನು ಮಾವನ ಕಡೆ ನೋಡಿದೆ. ಅವರು ನನ್ನನ್ನು ನೋಡಲಿಲ್ಲ, ತಮ್ಮ ಮೊಣಕಾಲು ನೋಡುತ್ತಿದ್ದರು. ನನಗೆ ಸಿಟ್ಟು ಬಂತು, ಸುಡುಸುಡು ಸಿಟ್ಟು. ಬೇಕಾದ್ದು ಒಂದು ಗೇಣು ದೂರದಲ್ಲಿದೆ, ನಡುವೆ ಒಂದು ಎಳೆ ದಾರ. ವಜೀರನ ಮೇಲೆ ಕೈ ಇಡಲಿಕ್ಕೆ ಹೋಗುತ್ತೇನೆ, ಹೂಂ ಅಂದದ್ದು ನೆನಪಾಗುತ್ತದೆ. ಆನೆಯ ಕಡೆ ಹೋಗುತ್ತೇನೆ, ಕಟ್ಟೆಯ ಮೇಲೆ ಕೂತು ನೋಡಿದ ಆ ಬೆನ್ನುಗಳು ನೆನಪಾಗುತ್ತವೆ. ಮಾತಿಗೆ ತಪ್ಪಿ ಗೆದ್ದರೆ ಮನೆಗೆ ಯಾವ ಮುಖ ಹೊತ್ತು ಹೋಗಲಿ? ಯಂತ್ರ ಮಾತ್ರ ಸುಮ್ಮನೆ ಕೂತಿತ್ತು, ಅದಕ್ಕೆ ಯಾವ ಮಾವನೂ ಇರಲಿಲ್ಲ.

ಕೊನೆಗೆ ಆನೆಯ ಕಡೆಗೇ ಕೈ ಚಾಚಿದೆ. ಬೆಂಚು ಕಿರ್ ಅಂದಿತು. ಮಾವ ಎದ್ದು ಬಂದರು. ಜನ ದಾರಿ ಬಿಟ್ಟರು. ಮೇಜಿನ ಹತ್ತಿರ ಬಂದವರೇ ಬಗ್ಗಿ, ಆ ಪ್ಯಾದೆ ಇದ್ದಲ್ಲೇ ಇರುವ ಹಾಗೆ, ಉಗುರಿನ ತುದಿಯಿಂದ ದಾರದ ಗಂಟು ಬಿಚ್ಚಿದರು. ಹೊರಗಿನವರು ಕಾಯಿ ಮುಟ್ಟಬಾರದು ಅಂತ ಅಧ್ಯಕ್ಷರು ಅಂದರು.

“ಕಾಯಿ ಮುಟ್ಟಿಲ್ಲ ಸಾಹೇಬ್ರ,” ಅಂದರು ಮಾವ, “ನನ್ನ ದಾರ ಮುಟ್ಟೀನಿ.”

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು. “ಈ ಹಟ ನಂದವ್ವಾ, ನಿನಗ ಯಾಕ ಅದು? ನಿನಗ ಕಂಡದ್ದು ಆಡು.”

ದಾರವನ್ನು ಜೇಬಿಗೆ ಹಾಕಿಕೊಂಡು ಹೋಗಿ ಅದೇ ಬೆಂಚಿನ ಮೇಲೆ ಕೂತರು. ನನ್ನ ಕಣ್ಣು ತುಂಬಿ ಹಲಗೆಯ ಮನೆಗಳೆಲ್ಲ ಒಂದರೊಳಗೊಂದು ಕಲಸಿದವು. ಅತ್ತರೆ ಇವರೆಲ್ಲ ಏನಂದಾರು ಅಂತ ಸೆರಗಿನಿಂದ ಮೂಗು ಒರೆಸುವ ನೆಪದಲ್ಲಿ ಕಣ್ಣು ಒರೆಸಿ, ವಜೀರನನ್ನು ಎತ್ತಿ ಒತ್ತಿದೆ. ಯಂತ್ರ ತುಸು ಹೊತ್ತು ಯೋಚಿಸಿತು. ಆಮೇಲೆ ಸಾಲು ಸಾಲು ದೀಪ ಹೊತ್ತಿಸಿ ಕೀಕ್ ಕೀಕ್ ಅಂತ ಕೂಗಿಕೊಂಡಿತು. ಸೋತೆ ಅಂತ ಅದರ ಭಾಷೆಯಲ್ಲಿ.

ಆ ಗದ್ದಲ ಏನು ಹೇಳಲಿ! ಅಕ್ಕ ನನ್ನನ್ನು ಎತ್ತಿಯೇ ಬಿಟ್ಟಳು. ಬಿದಿರಿನ ಹೊರೆ ಎತ್ತುವ ತೋಳು ಅವು, ನಾನು ಯಾವ ಲೆಕ್ಕ? ಗೊಣಗಿದವರೇ ಮುಂದೆ ಬಂದು, ಕುದುರೆ ಬಿಟ್ಟಾಗಲೇ ನಮಗೆ ಗೊತ್ತಾಗಿತ್ತು ಅಂದರು. ಅಧ್ಯಕ್ಷರು ಮನಸಾರೆ ಚಪ್ಪಾಳೆ ತಟ್ಟಿದರು, ತಮ್ಮದೇ ಯಂತ್ರ ಸೋತದ್ದಕ್ಕೆ ಅಷ್ಟು ಖುಷಿಪಟ್ಟವರನ್ನು ನಾನು ನೋಡಿಲ್ಲ. ಏನು ಬೇಕು ಕೇಳು ಅಂದರು. ಊಟದ ಕ್ಯಾರಿಯರೋ ಗಡಿಯಾರವೋ ಕೇಳುತ್ತಾಳೆ ಅಂದುಕೊಂಡಿದ್ದರೋ ಏನೋ.

“ನಾವು ಹೆಣ್ಣುಮಕ್ಕಳು ದಿನಾ ಸಂಜೀಕ ಇಲ್ಲೆ ಬಂದು ಆಡ್ತೇವ್ರಿ,” ಅಂದೆ. “ಮುಂದಿನ ಬಾಗಲದಿಂದ.”

ಅಧ್ಯಕ್ಷರು ಒಮ್ಮೆ ಎಲ್ಲರ ಮುಖ ನೋಡಿದರು, ಆಮೇಲೆ ಬಾಗಿಲು ನೋಡಿದರು. ಕೊಟ್ಟೆ ಅಂದರು.

ಮನೆಗೆ ಬರುವಾಗ ಮಾವನ ಪಕ್ಕದಲ್ಲಿ ನಡೆಯಲು ನನಗೆ ಅಂಜಿಕೆ. ಅವರು ಓಣಿ ದಾಟಿ ಕಟ್ಟೆ ಹತ್ತುವಾಗ ನಿಂತು, ವಜೀರನಿಗೆ ಅಲ್ಲಿ ಜೋರು ಕೊಟ್ಟವರು ಯಾರು ಅಂತ ಕೇಳಿದರು. ನಾನು ನೆನಪಿಸಿಕೊಂಡೆ. ಹೌದಲ್ಲ, ದಾರ ಬಿಚ್ಚಿದ ಆ ಪ್ಯಾದೆಯೇ ವಜೀರನ ಬೆನ್ನಿಗೆ ನಿಂತಿತ್ತು, ಅದು ಅಲ್ಲಿ ಇಲ್ಲದಿದ್ದರೆ ರಾಜ ವಜೀರನನ್ನು ಹೊಡೆದು ನುಂಗುತ್ತಿದ್ದ. ಹಾಗಾದರೆ ಇದು ಅರ್ಧ ಪ್ಯಾದೆ ಮಾತ್ ಅಂತ ಮಾವ ತೀರ್ಪು ಕೊಟ್ಟು, ರೊಟ್ಟಿ ಹಾಕು ಅಂದರು. ಅವತ್ತು ಅವರು ತಿಂದಷ್ಟು ರೊಟ್ಟಿಯನ್ನು ಬಡಿಯುವಷ್ಟರಲ್ಲಿ ನನ್ನ ರಟ್ಟೆ ಬಿದ್ದುಹೋಯಿತು.

ಇಲ್ಲಿಗೆ ಮುಗಿಯಿತು ಅಂತ ನಾನೂ ಅಂದುಕೊಂಡಿದ್ದೆ. ಮರುದಿನ ಸಂಜೆ ನಾನೂ ಅಕ್ಕನೂ ಸಂಘಕ್ಕೆ ಹೋದೆವು. ಓಣಿಯ ಉಳಿದ ಹೆಂಗಸರು, ನೀವು ಹೋಗಿ ಬನ್ನಿ, ನಾವು ಆಮೇಲೆ ನೋಡುತ್ತೇವೆ ಅಂತ ಬಾಗಿಲಲ್ಲಿ ನಿಂತಿದ್ದರು. ಒಳಗೆ ನಾಲ್ಕು ಹಲಗೆಗಳ ಮೇಲೂ ಆಟ ನಡೆದಿತ್ತು. ಅಧ್ಯಕ್ಷರು ಮಿಲ್ಲಿನಿಂದ ಇನ್ನೂ ಬಂದಿರಲಿಲ್ಲ. ನಮ್ಮನ್ನು ಯಾರೂ ಹೊರಗೆ ಹೋಗಿ ಅನ್ನಲಿಲ್ಲ. ಬನ್ನಿ ಅಂತಲೂ ಅನ್ನಲಿಲ್ಲ. ತಲೆ ಎತ್ತಿ ನೋಡಲೂ ಇಲ್ಲ. ಒಂದು ಆಟ ಮುಗಿದರೆ ಅದೇ ಇಬ್ಬರು ಮತ್ತೆ ಕಾಯಿ ಹೂಡುತ್ತಿದ್ದರು. ನಾವು ಪೇಪರಿನ ಮೇಜಿನ ಹತ್ತಿರ ಗೋಡೆಗೆ ಒತ್ತಿಕೊಂಡು ನಿಂತೆವು. ಬಾಗಿಲು ಗೆದ್ದಿದ್ದೆ, ಕುರ್ಚಿ ಗೆದ್ದಿರಲಿಲ್ಲ. ಅಕ್ಕ ನನ್ನ ಕಿವಿಯಲ್ಲಿ, “ವೈನಿ, ಹೋಗೂಣು ನಡೀರಿ,” ಅಂದಳು. ಅವಳು ಹಾಗೆ ಸಣ್ಣ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿರಲೇ ಇಲ್ಲ.

ಮಾವ ಫ್ಯಾನಿನ ಕೆಳಗೆ ತಮ್ಮ ಅದೇ ಹಳೆಯ ಜೊತೆಗಾರರ ಎದುರು ಕೂತಿದ್ದರು. ನಾನು ನಿಂತಲ್ಲಿಂದ ಆ ಹಲಗೆ ಕಾಣುತ್ತಿತ್ತು. ಎದುರಿನವರ ಹತ್ತಿರ ಒಂದು ಆನೆ ಬಿಟ್ಟರೆ ಏನೂ ಉಳಿದಿರಲಿಲ್ಲ, ಮಾವನ ಗೆಲುವು ಎರಡೇ ನಡೆ ದೂರ. ಮಾವ ಒಮ್ಮೆ ತಲೆ ಎತ್ತಿ ನಮ್ಮ ಕಡೆ ನೋಡಿದರು. ಆಮೇಲೆ ತಮ್ಮ ರಾಜನನ್ನು ಒಂದು ಬೆರಳಿನಿಂದ ದೂಡಿ ಹಲಗೆಯ ಮೇಲೆ ಅಡ್ಡ ಮಲಗಿಸಿದರು. ಸೋತೆ, ಏಳಪ್ಪಾ ಅಂದರು. ಜೊತೆಗಾರರು ಬಾಯಿ ತೆರೆದುಕೊಂಡು ಎದ್ದು ನಿಂತರು, ಅವರಿಗೆ ತಾವು ಹೇಗೆ ಗೆದ್ದೆವು ಅಂತಲೇ ತಿಳಿಯಲಿಲ್ಲ. ಉಳಿದ ಮೂರು ಹಲಗೆಗಳ ಮೇಲೂ ಕೈಗಳು ನಿಂತವು.

ಮಾವ ಕರ್ಚೀಪಿನಿಂದ ಖಾಲಿ ಕುರ್ಚಿ ಒರೆಸಿ ಅಕ್ಕನನ್ನು ಕರೆದರು. “ಬಾರವ್ವಾ, ಕೂಡು. ಬಿಳೀ ಕಾಯಿ ನಿನಗ.”

ಅಕ್ಕ ಕೂತಳು. ಕಾಯಿಗಳನ್ನು ನೋಡಿದಳು, ನನ್ನನ್ನು ನೋಡಿದಳು, ಆಮೇಲೆ ಹಾಲಿನ ತುಂಬ ಕೇಳುವ ತನ್ನ ಎಂದಿನ ದನಿಯಲ್ಲಿ, ಇದರಲ್ಲಿ ಕುದುರೆ ಯಾವುದು ಕಾಕಾ ಅಂತ ಕೇಳಿದಳು. ಮಾವ ಕುದುರೆಯನ್ನು ಎತ್ತಿ ಅವಳ ಅಂಗೈಯಲ್ಲಿಟ್ಟರು.